ಬಿಟ್ಟು ಹೋಗುವವರೇ ವಾರಸುದಾರರ ಹೆಸರು ಹೇಳಬೇಕೇ?

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. 2024ರಲ್ಲಿ ಅಮೆರಿಕದ ಅಧ್ಯಕ್ಷ ಬೈಡನ್ ಚುನಾವಣಾ ಕಣದಿಂದ ಹಿಂದೆ ಸರಿದ ಅರ್ಧ ಗಂಟೆಗೆ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಹೆಸರು ಬಂತು. ಹದಿನೈದು ದಿನದಲ್ಲಿ ಎಲ್ಲ ಮುಗಿದೇಹೋಯಿತು. ನಮ್ಮಲ್ಲಿ ದೆಹಲಿಯಿಂದ ಮುಚ್ಚಿದ ಲಕೋಟೆ ಬಂದರೆ 'ಹೈಕಮಾಂಡ್ ಸಂಸ್ಕೃತಿ' ಅಂತ ನೀವೇ ಬರೆಯುತ್ತೀರಿ. ಅಲ್ಲಿ ಆದದ್ದು ಬೇರೆ ಏನು? ನ್ಯೂಜೆರ್ಸಿಯಲ್ಲಿರುವ ಮಗಳು 'ಅಪ್ಪಾ, ಬೇರೆ ದಾರೀನೇ ಇರಲಿಲ್ಲ' ಅನ್ನುತ್ತಾಳೆ. ನನಗೆ ಒಪ್ಪಿಗೆಯಿಲ್ಲ. ಗೆಲ್ಲುತ್ತಾರೆ ಅಂತ ನಂಬಿಕೊಂಡ ಅಭ್ಯರ್ಥಿಯೇ ಹಿಂದೆ ಸರಿದರೆ ಪಕ್ಷ ಏನು ಮಾಡಬೇಕು? ಜೊತೆಗೆ ಒಂದು ಸಣ್ಣ ಅನುಮಾನ. ಬ್ಯಾಲೆಟ್ ಪೇಪರ್ ಅಚ್ಚಾದ ಮೇಲೆ ಅಭ್ಯರ್ಥಿಯೇ ಇಲ್ಲವಾದರೆ ಗತಿ ಏನು?"
— ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನೀವು ಹೇಳಿದ್ದು ಅರ್ಧ ಸರಿ, ಮಗಳು ಹೇಳಿದ್ದೂ ಅರ್ಧ ಸರಿ. ಅಪ್ಪ ಮಗಳ ನಡುವೆ ನಾನ್ಯಾಕೆ ಅಂತ ಜಾರಿಕೊಳ್ಳುತ್ತಿಲ್ಲ. ಯಾವ ಅರ್ಧ ಯಾರದು ಅಂತ ಹೇಳಿಯೇ ಬಿಡುತ್ತೇನೆ.

ಮೊದಲು ಲಕೋಟೆಯ ಮಾತು. 2024ರ ಜುಲೈ 21, ಭಾನುವಾರ. ಬೈಡನ್ ಕೋವಿಡ್ ಬಂದು ಡೆಲವೇರ್ ರಾಜ್ಯದ ರಿಹೋಬತ್ ಬೀಚ್‌ನ ಮನೆಯಲ್ಲಿ ಕೂತಿದ್ದರು. ಮಧ್ಯಾಹ್ನ ಎಕ್ಸ್‌ನಲ್ಲಿ ಒಂದು ಪತ್ರ ಹಾಕಿದರು. 'ನಾನು ಸ್ಪರ್ಧಿಸುವುದಿಲ್ಲ' ಅನ್ನುವುದು ಅದರ ತಿರುಳು. ಹ್ಯಾರಿಸ್‌ಗೆ ಒಂದು ಧನ್ಯವಾದ ಇತ್ತು, ಅಷ್ಟೇ. ಅವರೇ ಅಭ್ಯರ್ಥಿಯಾಗಲಿ ಅನ್ನುವ ಮಾತು ಆ ಪತ್ರದಲ್ಲಿ ಇರಲಿಲ್ಲ. ಸುಮಾರು ಅರ್ಧ ಗಂಟೆ ಕಳೆದು ಇನ್ನೊಂದು ಪೋಸ್ಟ್ ಬಂತು. ಹೆಸರು ಬಂದದ್ದು ಅದರಲ್ಲಿ. ಡೆಮಾಕ್ರಟಿಕ್ ಪಕ್ಷಕ್ಕೆ ನಿಜವಾದ ಸ್ವಾತಂತ್ರ್ಯ ಅಂತ ಇದ್ದದ್ದು ಆ ಎರಡು ಪೋಸ್ಟ್‌ಗಳ ನಡುವಿನ ಅರ್ಧ ಗಂಟೆ ಮಾತ್ರ ಅಂತ ನನಗೆ ಅನ್ನಿಸುತ್ತದೆ.

ಆಮೇಲೆ ಎಲ್ಲ ದಡಬಡ. ಪಕ್ಷದ ಸಮಾವೇಶಕ್ಕೆ ಹೋಗಿ ಅಭ್ಯರ್ಥಿಯನ್ನು ಆರಿಸುವವರು ಪ್ರತಿನಿಧಿಗಳು. ಮರುದಿನ ರಾತ್ರಿ ಹೊತ್ತಿಗೆ ಹ್ಯಾರಿಸ್‌ಗೆ ಬೇಕಾದಷ್ಟು ಪ್ರತಿನಿಧಿಗಳ ಬೆಂಬಲ ಸಿಕ್ಕಿದೆ ಅಂತ ಸುದ್ದಿಸಂಸ್ಥೆಗಳು ಲೆಕ್ಕ ಕೊಟ್ಟವು. ಪಕ್ಷ ಒಂದು ನಿಯಮವನ್ನೇನೋ ಮಾಡಿತು. ಸ್ಪರ್ಧಿಸುವವರು ಜುಲೈ 27ರೊಳಗೆ ಹೆಸರು ಕೊಡಬೇಕು, 300 ಪ್ರತಿನಿಧಿಗಳ ಸಹಿ ತರಬೇಕು, ಒಂದೇ ರಾಜ್ಯದಿಂದ 50ಕ್ಕಿಂತ ಜಾಸ್ತಿ ಸಹಿ ಲೆಕ್ಕಕ್ಕಿಲ್ಲ. ಬಾಗಿಲು ತೆರೆದೇ ಇತ್ತು, ಆದರೆ ಅಷ್ಟು ಸಹಿ ತಂದವರು ಹ್ಯಾರಿಸ್ ಒಬ್ಬರೇ. ಆಗಸ್ಟ್ 5ಕ್ಕೆ ಆನ್‌ಲೈನ್ ಮತದಾನ ಮುಗಿದಾಗ ಅವರಿಗೆ ಸಿಕ್ಕದ್ದು ಶೇ. 99 ಮತ. ಷಿಕಾಗೊ ಸಮಾವೇಶ ಶುರುವಾಗಿದ್ದು ಆಗಸ್ಟ್ 19ಕ್ಕೆ. ಅಷ್ಟರಲ್ಲಿ ಅಲ್ಲಿ ಆರಿಸುವುದಕ್ಕೆ ಏನೂ ಉಳಿದಿರಲಿಲ್ಲ.

ಇದು ನಮ್ಮ ಲಕೋಟೆ ಹೌದೇ? ಪೂರ್ತಿ ಅಲ್ಲ. ನಮ್ಮ ಹೈಕಮಾಂಡ್ ಕೈಯಲ್ಲಿ ಟಿಕೆಟ್ ಇದೆ, ಶಿಸ್ತು ಕ್ರಮ ಇದೆ. ಬೈಡನ್ ಕೈಯಲ್ಲಿ ಅಂಥದ್ದೇನೂ ಇರಲಿಲ್ಲ. ಪ್ರೈಮರಿಗಳಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ರಾಜ್ಯ ರಾಜ್ಯದಲ್ಲಿ ನಡೆಯುವ ಮತದಾನದಲ್ಲಿ, ಅವರಿಗೆ ಬಂದಿದ್ದ ಸುಮಾರು 3,900 ಪ್ರತಿನಿಧಿಗಳನ್ನು ಇನ್ನೊಬ್ಬರಿಗೆ ಬರೆದುಕೊಡಲು ಬರುವುದಿಲ್ಲ. ತಮ್ಮನ್ನು ಆರಿಸಿದವರ ಮನಸ್ಸನ್ನು ಪ್ರತಿನಿಧಿಗಳು ಆತ್ಮಸಾಕ್ಷಿಯಿಂದ ತೋರಿಸಬೇಕು ಅಂತಷ್ಟೇ ಪಕ್ಷದ ನಿಯಮ ಹೇಳುವುದು. ಹಾಗಾಗಿ ಸುಮ್ಮನಾದದ್ದು ಎದುರಾಳಿಗಳು. ಕ್ಯಾಲಿಫೋರ್ನಿಯಾದ ನ್ಯೂಸಮ್, ಪೆನ್ಸಿಲ್ವೇನಿಯಾದ ಶಪೀರೊ, ಮಿಷಿಗನ್‌ನ ವಿಟ್ಮರ್ ಈ ಮೂವರು ಗವರ್ನರ್‌ಗಳೂ ಒಂದೆರಡು ದಿನದಲ್ಲಿ ಹ್ಯಾರಿಸ್ ಪರ ನಿಂತರು. ಯಾರೂ ಅವರ ಕೈ ಕಟ್ಟಿರಲಿಲ್ಲ. ನಾಲ್ಕು ವರ್ಷ ಬಿಟ್ಟು ನೋಡೋಣ ಅಂತ ಲೆಕ್ಕ ಹಾಕಿದವರೂ ಅವರಲ್ಲಿ ಇದ್ದಿರಬಹುದು.

ಮಗಳ ಅರ್ಧ ಇರುವುದು ಸಮಯ ಮತ್ತು ಹಣದಲ್ಲಿ. ಜುಲೈ 21ರಿಂದ ನವೆಂಬರ್ 5ರ ಮತದಾನಕ್ಕೆ ಇದ್ದದ್ದು 107 ದಿನ. ಪ್ರಚಾರದ ಖಾತೆಯಲ್ಲಿ ಜೂನ್ ಕೊನೆಗೆ ಸುಮಾರು 9.6 ಕೋಟಿ ಡಾಲರ್ ಇತ್ತು. ಖಾತೆ ನೋಂದಣಿಯಾದದ್ದು ಇಬ್ಬರ ಹೆಸರಲ್ಲೂ. ಅದಕ್ಕೇ ಅದೇ ದಿನ ಚುನಾವಣಾ ಆಯೋಗಕ್ಕೆ ಕಾಗದ ಹಾಕಿ ಹೆಸರು ಬದಲಿಸಲು ಹ್ಯಾರಿಸ್‌ಗೆ ಸಾಧ್ಯವಾಯಿತು. ಬೇರೆ ಯಾರಿಗೂ ಇಷ್ಟು ಸಲೀಸಾಗಿ ಆ ಹಣ ಸಿಗುತ್ತಿರಲಿಲ್ಲ. ಮೊದಲ ಕಪ್ಪು ಮಹಿಳಾ ಉಪಾಧ್ಯಕ್ಷೆಯನ್ನು ಬದಿಗೆ ಸರಿಸಿ ಇನ್ನೊಬ್ಬರನ್ನು ತರುವುದು ಆ ಪಕ್ಷದ ಮತದಾರರಿಗೆ ಹೇಗೆ ಕಾಣುತ್ತಿತ್ತು ಅನ್ನುವುದೂ ಸಣ್ಣ ಮಾತಲ್ಲ.

ಆದರೂ ಹಣದ ಮಾತನ್ನು ಸ್ವಲ್ಪ ಜಾಸ್ತಿಯೇ ಹೇಳಿದರು. ಅಭ್ಯರ್ಥಿಯ ಖಾತೆಯಿಂದ ಪಕ್ಷದ ಖಾತೆಗೆ ಎಷ್ಟು ಬೇಕಾದರೂ ವರ್ಗಾಯಿಸಲು ಅಲ್ಲಿಯ ಕಾನೂನು ಬಿಡುತ್ತದೆ. ಅದನ್ನು ಖರ್ಚು ಮಾಡುವುದಕ್ಕೆ ಒಂದಿಷ್ಟು ಕಟ್ಟುಪಾಡು ಇದೆ, ನಿಜ. ಆದರೆ ಹ್ಯಾರಿಸ್ ಬಂದ ಮೊದಲ 24 ಗಂಟೆಯಲ್ಲೇ 8.1 ಕೋಟಿ ಡಾಲರ್ ಹೊಸದಾಗಿ ಬಂತು. ಉತ್ಸಾಹ ಇದ್ದಲ್ಲಿ ದುಡ್ಡು ಹುಡುಕಿಕೊಂಡು ಬರುತ್ತದೆ.

ಸಮಯವೂ ಅಷ್ಟೇ. ಬೈಡನ್ ಪತ್ರಕ್ಕೂ ಸಮಾವೇಶಕ್ಕೂ ನಡುವೆ ನಾಲ್ಕು ವಾರ ಇತ್ತು. ಕ್ಲಿಂಟನ್ ಕಾಲದ ಚುನಾವಣಾ ತಂತ್ರಗಾರ ಜೇಮ್ಸ್ ಕಾರ್ವಿಲ್ ಜುಲೈ ಮೊದಲಲ್ಲೇ, ಅಂದರೆ ಬೈಡನ್ ಇನ್ನೂ ಹಟ ಹಿಡಿದು ಕೂತಿದ್ದಾಗಲೇ, ಒಂದು ದಾರಿ ಹೇಳಿದ್ದರು. ದೇಶದ ನಾಲ್ಕು ದಿಕ್ಕಿನಲ್ಲಿ ನಾಲ್ಕು ಬಹಿರಂಗ ಸಭೆ ಇಡಿ, ಆಕಾಂಕ್ಷಿಗಳು ಜನರ ಮುಂದೆ ನಿಂತು ಮಾತಾಡಲಿ, ಆಮೇಲೆ ಪ್ರತಿನಿಧಿಗಳು ಆರಿಸಲಿ ಅಂತ. ಯಾರು ನಿಲ್ಲಬೇಕು ಅಂತ ಒಬಾಮ, ಕ್ಲಿಂಟನ್ ತೀರ್ಮಾನಿಸಲಿ ಅಂದದ್ದು ನನಗೆ ಹಿಡಿಸಲಿಲ್ಲ. ಲಕೋಟೆ ಬೇಡ ಅಂತ ಹೊರಟು ಇನ್ನೊಂದು ಲಕೋಟೆ ತಂದ ಹಾಗಾಯಿತು. ಉಳಿದದ್ದು ಮಾಡಬಹುದಾದ ಕೆಲಸವೇ ಆಗಿತ್ತು.

ಸ್ಪರ್ಧೆ ನಡೆದಿದ್ದರೂ ಹ್ಯಾರಿಸ್‌ರೇ ಗೆಲ್ಲುತ್ತಿದ್ದರಲ್ಲ, ಮತ್ಯಾಕೆ ಅಂತ ಮಗಳು ಕೇಳಬಹುದು. ಬಹುಶಃ ಅವರೇ ಗೆಲ್ಲುತ್ತಿದ್ದರು. ನನ್ನ ವಾದ ಇರುವುದೇ ಅಲ್ಲಿ. ಸ್ಪರ್ಧೆ ಬೇಕಾದದ್ದು ಬೇರೆಯವರು ಗೆಲ್ಲಲಿ ಅಂತಲ್ಲ. ಬದಲಿಗೆ ಬಂದವರಿಗೆ ತಮ್ಮದೇ ಕಾಲು ಬರಲಿ ಅಂತ.

ಅಕ್ಟೋಬರ್ 8ರ ಒಂದು ಟಿ.ವಿ. ಕಾರ್ಯಕ್ರಮ ನೋಡಿ. ಎಬಿಸಿ ವಾಹಿನಿಯ 'ದಿ ವ್ಯೂ'. ಹರಟೆಯ ಕಾರ್ಯಕ್ರಮ, ಕೂತವರೆಲ್ಲ ಹೆಚ್ಚುಕಡಿಮೆ ಸ್ನೇಹಿತರೇ. ಈ ನಾಲ್ಕು ವರ್ಷದಲ್ಲಿ ಬೈಡನ್‌ಗಿಂತ ಬೇರೆ ಥರ ಏನಾದರೂ ಮಾಡುತ್ತಿದ್ದಿರಾ ಅಂತ ಹ್ಯಾರಿಸ್‌ರನ್ನು ಕೇಳಿದರು. ಚುನಾವಣೆಗೆ ನಾಲ್ಕೇ ವಾರ. ಬೆಲೆ ಏರಿಕೆ, ಗಡಿ ಅಂತ ಜನ ರೇಗಿದ್ದರು. ಅಂಥದ್ದೇನೂ ನೆನಪಿಗೆ ಬರುತ್ತಿಲ್ಲ ಅಂದುಬಿಟ್ಟರು. ಆ ತುಣುಕನ್ನು ಟ್ರಂಪ್ ಕಡೆಯವರು ಜಾಹೀರಾತು ಮಾಡಿ ತಿರುತಿರುಗಿ ತೋರಿಸಿದರು. ಹ್ಯಾರಿಸ್ ದಡ್ಡರೇನಲ್ಲ, ಮೊದಲು ವಕೀಲರಾಗಿದ್ದವರು. ಆದರೆ ಆ ಜಾಗಕ್ಕೆ ಬಂದದ್ದು ಬೈಡನ್ ಹೇಳಿದ ಹೆಸರಾಗಿ. ಅವರನ್ನು ಬಿಟ್ಟುಕೊಟ್ಟು ಮಾತಾಡುವುದು ಹೇಗೆ? ಮೂರು ಬಹಿರಂಗ ಚರ್ಚೆಯಲ್ಲಿ ವಿಟ್ಮರ್ ಎದುರು ನಿಂತಿದ್ದರೆ ಇದೇ ಪ್ರಶ್ನೆ ಜುಲೈನಲ್ಲೇ ಬರುತ್ತಿತ್ತು. ತಡವರಿಸಿದ್ದರೂ ಆಗಲೇ ತಡವರಿಸಿ, ಅಕ್ಟೋಬರ್ ಹೊತ್ತಿಗೆ ಒಂದು ಉತ್ತರ ಕೈಯಲ್ಲಿರುತ್ತಿತ್ತು.

ಅದರಿಂದ ಗೆಲ್ಲುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಸೋಲು ಸುಮಾರು ಒಂದೂವರೆ ಶೇಕಡದ್ದು. ಅಷ್ಟಕ್ಕೆ ಒಂದೇ ಕಾರಣ ಹುಡುಕಲು ಆಗುವುದಿಲ್ಲ.

ಇದೇ ಪಕ್ಷಕ್ಕೆ ಇದೇ ಕಷ್ಟ 1968ರಲ್ಲೂ ಬಂದಿತ್ತು. ಮಾರ್ಚ್ 12ರ ನ್ಯೂಹ್ಯಾಂಪ್‌ಷೈರ್ ಪ್ರೈಮರಿಯಲ್ಲಿ, ಅಧ್ಯಕ್ಷರಾಗಿದ್ದ ಜಾನ್ಸನ್ ಎದುರು ಅದೇ ಪಕ್ಷದ ಯುದ್ಧವಿರೋಧಿ ಸೆನೆಟರ್ ಯೂಜೀನ್ ಮೆಕಾರ್ಥಿ ಶೇ. 42 ಮತ ತೆಗೆದರು. ಮಾರ್ಚ್ 31ರ ರಾತ್ರಿ ಟಿ.ವಿ.ಯಲ್ಲಿ ವಿಯೆಟ್ನಾಂ ಬಗ್ಗೆ ಮಾತಾಡುತ್ತಿದ್ದ ಜಾನ್ಸನ್, ಕೊನೆಯಲ್ಲಿ ತಾವು ನಿಲ್ಲುವುದಿಲ್ಲ ಅಂದರು. ಅಂದು ಯಾರ ಹೆಸರನ್ನೂ ಹೇಳಲಿಲ್ಲ, ಅಷ್ಟು ಮಟ್ಟಿಗೆ ಬೈಡನ್‌ಗಿಂತ ವಾಸಿ. ಆದರೆ ಪಕ್ಷದ ಯಂತ್ರ ಅವರ ಹಿಡಿತದಲ್ಲೇ ಇತ್ತು. ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ ಇಳಿಯಲಿಲ್ಲ. ಕಣದಲ್ಲಿದ್ದ ರಾಬರ್ಟ್ ಕೆನಡಿ ಜೂನ್‌ನಲ್ಲಿ ಗುಂಡಿಗೆ ಬಲಿಯಾದರು. ಆಗಸ್ಟ್‌ನ ಷಿಕಾಗೊ ಸಮಾವೇಶದಲ್ಲಿ ಪಕ್ಷದ ಮುಖಂಡರು ಹಂಫ್ರಿಯನ್ನೇ ಆರಿಸಿದರು, ಹೊರಗೆ ಪೊಲೀಸರು ಯುವಕರನ್ನು ಬಡಿಯುತ್ತಿದ್ದರು.

ಬಹಿರಂಗ ಸ್ಪರ್ಧೆ ಅಂದಾಕ್ಷಣ ಆ ಪಕ್ಷದವರು ಈ ಷಿಕಾಗೊ ಕಥೆ ಹೇಳಿ ಹೆದರಿಸುತ್ತಾರೆ. ನನಗೆ ಕಾಣುವುದು ತಿರುಗುಮುರುಗು. ಬೀದಿಗೆ ರಕ್ತ ಬಿದ್ದದ್ದು ಯುದ್ಧದ ಸಿಟ್ಟಿಗೆ, ಪ್ರೈಮರಿಯಲ್ಲಿ ಹಾಕಿದ ಮತಕ್ಕೆ ಬೆಲೆಯೇ ಬರಲಿಲ್ಲ ಅನ್ನುವ ಸಿಟ್ಟಿಗೆ. ಸ್ಪರ್ಧೆ ಇದ್ದದ್ದು ತಪ್ಪಾಗಲಿಲ್ಲ, ಗೆಲ್ಲುವವರು ಸ್ಪರ್ಧೆಗೇ ಇಳಿಯದೆ ಗೆದ್ದದ್ದು ತಪ್ಪಾಯಿತು.

ಹಂಫ್ರಿಗೂ ಹ್ಯಾರಿಸ್‌ಗೆ ಬಂದ ಇಕ್ಕಟ್ಟೇ ಬಂತು. ಯುದ್ಧದ ಬಗ್ಗೆ ಜಾನ್ಸನ್‌ಗಿಂತ ಬೇರೆ ಮಾತಾಡುವಂತಿಲ್ಲ. ಸೆಪ್ಟೆಂಬರ್ ಪೂರ್ತಿ ಸಭೆಗಳಲ್ಲಿ ಜನ ಕೂಗಿ ಗಲಾಟೆ ಎಬ್ಬಿಸಿದರು. ಕೊನೆಗೆ ಸೆಪ್ಟೆಂಬರ್ 30ರಂದು ಸಾಲ್ಟ್ ಲೇಕ್ ಸಿಟಿಯಿಂದ ಟಿ.ವಿ. ಭಾಷಣ ಮಾಡಿ, ಶಾಂತಿಗಾಗಿ ಬಾಂಬ್ ದಾಳಿ ನಿಲ್ಲಿಸಲು ಸಿದ್ಧ ಅಂದರು. ಆ ದಿನ ಅವರ ಮುಂದಿನ ಪೀಠದ ಮೇಲೆ ಉಪಾಧ್ಯಕ್ಷರ ಮುದ್ರೆ ಇರಲಿಲ್ಲ. ಬೇಕೆಂದೇ ತೆಗೆಸಿದ್ದರು. ಅಲ್ಲಿಂದ ಸಮೀಕ್ಷೆಗಳು ಅವರ ಕಡೆ ತಿರುಗತೊಡಗಿದವು, ಸಭೆಗಳಲ್ಲಿ ಕೂಗಾಟ ತಗ್ಗಿತು. ಬಹಳ ಹಿಂದಿದ್ದವರು ನಿಕ್ಸನ್ ಎದುರು ಸೋತದ್ದು 1 ಶೇಕಡಕ್ಕಿಂತಲೂ ಕಡಿಮೆಯಲ್ಲಿ. ಆ ಭಾಷಣ ಒಂದು ತಿಂಗಳು ಮೊದಲೇ ಆಗಿದ್ದರೆ ಅಂತ ಅಮೆರಿಕದಲ್ಲಿ ಈಗಲೂ ಕೊರಗುವವರಿದ್ದಾರೆ.

ವಾರಸುದಾರಿಕೆಯನ್ನು ಮುಚ್ಚಿಡದೆ ಊರಿಗೆಲ್ಲ ಸಾರಿದ ಪಕ್ಷವೂ ಇದೆ, ಬ್ರೆಜಿಲ್‌ನ ವರ್ಕರ್ಸ್ ಪಾರ್ಟಿ. 2018ರ ಆಗಸ್ಟ್‌ನಲ್ಲಿ ಜೈಲಲ್ಲಿದ್ದ ಮಾಜಿ ಅಧ್ಯಕ್ಷ ಲೂಲಾಗೆ ಸಮೀಕ್ಷೆಯಲ್ಲಿ ಶೇ. 39. ಅವರು ನಿಲ್ಲುವಂತಿಲ್ಲ ಅಂತ ಚುನಾವಣಾ ನ್ಯಾಯಾಲಯ ಹೇಳುವವರೆಗೂ ಪಕ್ಷ ಕದಲಲಿಲ್ಲ. ಸೆಪ್ಟೆಂಬರ್ 11ಕ್ಕೆ ಫರ್ನಾಂಡೊ ಹದ್ದಾದ್ ಬಂದರು. ಮೊದಲ ಸುತ್ತಿಗೆ ನಾಲ್ಕು ವಾರವೂ ಇರಲಿಲ್ಲ. 'ಹದ್ದಾದ್ ಅಂದರೆ ಲೂಲಾ' ಅನ್ನುವುದೇ ಘೋಷಣೆ. ಲೂಲಾ ಮತ ಒಂದಷ್ಟು ಬಂತು, ಲೂಲಾ ಮೇಲಿನ ಸಿಟ್ಟು ಪೂರ್ತಿ ಬಂತು. ಎರಡನೇ ಸುತ್ತಿನಲ್ಲಿ ಎದುರಾಳಿ ಬೊಲ್ಸನಾರೊಗೆ ಶೇ. 55, ಇವರಿಗೆ 45.

ಸರಿಯಾಗಿ ಮಾಡಿದವರು ಯಾರೂ ಇಲ್ಲವೇ? ಇದ್ದಾರೆ, ಫ್ರಾನ್ಸ್‌ನ ಸೋಷಿಯಲಿಸ್ಟರು. 2011ರಲ್ಲಿ ಮುಂದಿನ ಅಧ್ಯಕ್ಷ ಡೊಮಿನಿಕ್ ಸ್ಟ್ರಾಸ್-ಕಾನ್ ಅನ್ನುವುದು ಪ್ಯಾರಿಸ್‌ನಲ್ಲಿ ಎಲ್ಲರ ಬಾಯಲ್ಲಿತ್ತು. ಆಗ ಅವರು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮುಖ್ಯಸ್ಥರು. ತಾವು ನಿಲ್ಲುತ್ತೇನೆ ಅಂತ ಇನ್ನೂ ಹೇಳಿರಲೂ ಇಲ್ಲ. ಮೇ 14ರಂದು ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ಅವರನ್ನು ವಿಮಾನದಿಂದಲೇ ಇಳಿಸಿಕೊಂಡು ಹೋದರು. ಹೋಟೆಲ್ ಕೆಲಸದಾಕೆಯ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ. ಕ್ರಿಮಿನಲ್ ಕೇಸು ಆಗಸ್ಟ್‌ನಲ್ಲಿ ಬಿದ್ದುಹೋಯಿತು, ಆದರೆ ಅಷ್ಟರಲ್ಲಿ ಅವರ ರಾಜಕೀಯ ಮುಗಿದಿತ್ತು.

ಆ ಪಕ್ಷ ಉಳಿದದ್ದು ಎರಡು ಕಾರಣಕ್ಕೆ. ಪ್ರೈಮರಿ ಮಾಡುತ್ತೇವೆ ಅಂತ ಈ ಬಂಧನಕ್ಕೆ ಬಹಳ ಮೊದಲೇ ತೀರ್ಮಾನವಾಗಿತ್ತು. ಇನ್ನೊಂದು, ಸ್ಟ್ರಾಸ್-ಕಾನ್ ಬಹಳ ಮುಂದಿದ್ದಾಗಲೇ ಫ್ರಾನ್ಸ್ವಾ ಒಲಾಂದ್ ತಾನೂ ನಿಲ್ಲುತ್ತೇನೆ ಅಂತ ಮಾರ್ಚ್ ಕೊನೆಯಲ್ಲಿ ತಮ್ಮ ರಾಜಕೀಯ ನೆಲೆಯಾದ ಟ್ಯೂಲ್‌ನಲ್ಲಿ ಘೋಷಿಸಿಯಾಗಿತ್ತು. ಆಗ ಅದನ್ನು ದೊಡ್ಡದು ಮಾಡಿದವರು ಕಡಿಮೆ. ಅಕ್ಟೋಬರ್‌ನಲ್ಲಿ ಮತದಾನ. ಪಕ್ಷದ ಸದಸ್ಯರೇ ಆಗಬೇಕಿರಲಿಲ್ಲ. ಒಂದು ಯೂರೊ ಕೊಟ್ಟು, ಎಡಪಂಥದ ಮೌಲ್ಯಗಳನ್ನು ಒಪ್ಪುತ್ತೇನೆ ಅಂತ ಸಹಿ ಹಾಕಿದರೆ ಸಾಕು. ಎರಡೂ ಸುತ್ತಿನಲ್ಲಿ 25 ಲಕ್ಷಕ್ಕಿಂತ ಜಾಸ್ತಿ ಜನ ಬಂದರು. ಎರಡನೇ ಸುತ್ತಿನಲ್ಲಿ ಮಾರ್ತಿನ್ ಓಬ್ರಿ ಅವರನ್ನು ಸೋಲಿಸಿ ಬಂದ ಒಲಾಂದ್ ಯಾರ ಬದಲಿಯೂ ಆಗಿರಲಿಲ್ಲ. ಮರುವರ್ಷ ಅಧ್ಯಕ್ಷ ಸಾರ್ಕೋಜಿಯನ್ನೂ ಸೋಲಿಸಿದರು. ಅಧ್ಯಕ್ಷರಾಗಿ ಅವರು ಮಾಡಿದ್ದು ಬೇರೆ ಕಥೆ, ಅದಕ್ಕೆ ಇನ್ನೊಂದು ಪತ್ರ ಬರೆಯಿರಿ.

ಈಗ 2024ರ ಶುರುವಿಗೆ ಬನ್ನಿ. ಬೈಡನ್ ವಯಸ್ಸಿನ ಮಾತೆತ್ತಿ ಮಿನೆಸೋಟದ ಸಂಸದ ಡೀನ್ ಫಿಲಿಪ್ಸ್ ಪ್ರೈಮರಿಗೆ ಇಳಿದಿದ್ದರು. ಪಕ್ಷದವರು ಅವರನ್ನು ಹತ್ತಿರ ಸೇರಿಸಲಿಲ್ಲ. ಫ್ಲಾರಿಡಾದಲ್ಲಿ ಬೈಡನ್ ಒಬ್ಬರದೇ ಹೆಸರು ಕೊಟ್ಟು ಡೆಮಾಕ್ರಟರ ಪ್ರೈಮರಿಯನ್ನೇ ಇಲ್ಲವಾಗಿಸಿದರು. ಜೂನ್ 27ರಂದು ಟ್ರಂಪ್ ಎದುರಿನ ಚರ್ಚೆಯಲ್ಲಿ ಬೈಡನ್ ತಡವರಿಸಿದಾಗ ಹಿಂದೆ ತಿರುಗಿ ನೋಡಿದರೆ ಮತ ಪಡೆದು ನಿಂತವರು ಅಂತ ಯಾರೂ ಇರಲಿಲ್ಲ. ನಿಮ್ಮ ಸಿಟ್ಟು ಜುಲೈ ಮೇಲಿದೆ ಮೇಷ್ಟ್ರೇ. ನನ್ನ ಸಿಟ್ಟು ಜನವರಿ ಮೇಲೆ.

ಹಾಗಾದರೆ ಪಕ್ಷ ಏನು ಮಾಡಬೇಕು? ಹಿಂದೆ ಸರಿಯುವವರು ವಂದನೆ ಹೇಳಿ ಸುಮ್ಮನಿರಬೇಕು, ಹೆಸರು ಹೇಳಬಾರದು. ಬೈಡನ್ ಎರಡನೇ ಪೋಸ್ಟ್ ಹಾಕದಿದ್ದರೆ ಹ್ಯಾರಿಸ್‌ಗೇ ಉಪಕಾರವಾಗುತ್ತಿತ್ತು. ಸಮಾವೇಶಕ್ಕೆ ಮೂರು ವಾರ ಇದ್ದರೂ ಪ್ರತಿನಿಧಿಗಳ ಎದುರು ಎರಡು ಮೂರು ಬಹಿರಂಗ ಚರ್ಚೆ ಆಗಲೇಬೇಕು, ಅದೂ ಮೊದಲೇ ಬರೆದಿಟ್ಟ ನಿಯಮದಂತೆ. ನಮ್ಮ ಬಿ ಫಾರಂನಲ್ಲೇ ಬದಲಿ ಅಭ್ಯರ್ಥಿಯ ಹೆಸರು ಬರೆಯಲು ಜಾಗ ಇದೆಯಲ್ಲ, ಕಷ್ಟಕ್ಕೆ ಅಂತ ಮೊದಲೇ ಮಾಡಿಟ್ಟ ಏರ್ಪಾಡು. ಅಲ್ಲಿಗೆ ಹೆಸರು ಬೇಡ, ವಿಧಾನ ಬರೆದಿಟ್ಟರೆ ಸಾಕು. ಒಂದೇ ವಾರ ಇದ್ದರೆ ಮಾತ್ರ ಮಗಳು ಹೇಳಿದ್ದೇ ಸರಿ. ಆಗ ಉಪಾಧ್ಯಕ್ಷರನ್ನೇ ನಿಲ್ಲಿಸಬೇಕು, ಬೇರೆ ದಾರಿ ಇಲ್ಲ.

ಇನ್ನು ಬ್ಯಾಲೆಟ್ ಪೇಪರ್ ಅನುಮಾನ. ಮತದಾನಕ್ಕೆ ಮೊದಲು ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ತೀರಿಕೊಂಡರೆ ನಮ್ಮಲ್ಲಿ ಆ ಕ್ಷೇತ್ರದ ಮತದಾನವನ್ನೇ ಮುಂದೂಡುತ್ತಾರೆ. 2018ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಬಿಜೆಪಿಯ ಬಿ.ಎನ್. ವಿಜಯಕುಮಾರ್ ತೀರಿಕೊಂಡಾಗ ಹಾಗೇ ಆಯಿತು, ಜೂನ್‌ನಲ್ಲಿ ಮತದಾನ ನಡೆಯಿತು. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆಯನ್ನು ಹಾಗೆ ಮುಂದೂಡುವ ಪದ್ಧತಿ ಇಲ್ಲ. ಸಮಾವೇಶ ಮುಗಿದ ಮೇಲೆ ಜಾಗ ಖಾಲಿಯಾದರೆ ಪಕ್ಷದ ರಾಷ್ಟ್ರೀಯ ಸಮಿತಿ ಸೇರಿ ಬೇರೆಯವರನ್ನು ಆರಿಸುತ್ತದೆ. 1972ರಲ್ಲಿ ಉಪಾಧ್ಯಕ್ಷ ಅಭ್ಯರ್ಥಿ ಈಗಲ್ಟನ್ ಸರಿದಾಗ ಸಾರ್ಜೆಂಟ್ ಶ್ರೈವರ್ ಬಂದದ್ದು ಹಾಗೆ. ಬ್ಯಾಲೆಟ್ ಅಚ್ಚಾಗಿದ್ದರೆ ಹಳೆಯ ಹೆಸರೇ ಉಳಿಯಬಹುದು. 1912ರ ಅಕ್ಟೋಬರ್ 30ರಂದು, ಮತದಾನಕ್ಕೆ ಆರು ದಿನ ಇರುವಾಗ, ಮತ್ತೆ ಅದೇ ಸ್ಥಾನಕ್ಕೆ ನಿಂತಿದ್ದ ಉಪಾಧ್ಯಕ್ಷ ಜೇಮ್ಸ್ ಶೆರ್ಮನ್ ತೀರಿಕೊಂಡರು. ಜನ ತೀರಿಕೊಂಡವರ ಹೆಸರಿಗೇ ಮತ ಹಾಕಿದರು. ಅಧ್ಯಕ್ಷ ಟಾಫ್ಟ್ ಗೆದ್ದದ್ದು ಯೂಟಾ, ವರ್ಮಾಂಟ್ ಎರಡೇ ರಾಜ್ಯ. ಅಲ್ಲಿಂದ ಬಂದ 8 ಎಲೆಕ್ಟೋರಲ್ ಮತಗಳು, ಅಂದರೆ ಗೆದ್ದ ರಾಜ್ಯದ ಪರವಾಗಿ ಆಯ್ಕೆಗಾರರು ಹಾಕುವ ಮತಗಳು, ಉಪಾಧ್ಯಕ್ಷ ಸ್ಥಾನಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಮುಖ್ಯಸ್ಥ ನಿಕೊಲಸ್ ಮರ್ರಿ ಬಟ್ಲರ್ ಹೆಸರಿಗೆ ಬಿದ್ದವು.