ಸ್ಕ್ರೂ ಬಿಚ್ಚುವುದಕ್ಕೆ ಡಾಕ್ಟರೇಟ್ ಬೇಕೆ?

ದಾವಣಗೆರೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: ‘ಮೈಕ್ ಮ್ಯಾಸಿಮಿನೊ ಎಂಬ ಗಗನಯಾತ್ರಿ ಹಬಲ್ ಬಾಹ್ಯಾಕಾಶ ದೂರದರ್ಶಕದ ಹತ್ತಿರ ಎಂಟು ಗಂಟೆ ಕಳೆದು ಸ್ಕ್ರೂ ಬಿಚ್ಚಿದರಂತೆ. ಅದಕ್ಕೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡಾಕ್ಟರೇಟ್ ಬೇಕಿತ್ತೆ, ಒಳ್ಳೆಯ ಮೆಕ್ಯಾನಿಕ್ ಸಾಲದೆ? ಪೈಲಟ್ ಅಲ್ಲದ ನನ್ನಂಥವರಿಗೆ ಆ ದಾರಿ ಉಂಟೆ?’

ಕೊಂಕಿದ್ದರೂ ಪ್ರಶ್ನೆ ಸರಿಯಾಗಿದೆ. ಮೊದಲು ಸ್ಕ್ರೂಗಳ ವಿಷಯ.

ಹಬಲ್‌ನಲ್ಲಿ ಎಸ್‌ಟಿಐಎಸ್ ಎಂಬ ರೋಹಿತಮಾಪಕವಿದೆ, ಅಂದರೆ ಬೆಳಕನ್ನು ಬಣ್ಣಗಳಾಗಿ ಒಡೆದು ಅಳೆಯುವ ಉಪಕರಣ. 1997ರಲ್ಲಿ ಕೂರಿಸಿದ ಅದು 2004ರ ಆಗಸ್ಟಿನಲ್ಲಿ ನಿಂತುಹೋಯಿತು. ಕೆಟ್ಟಿದ್ದು ವಿದ್ಯುತ್ ಪೂರೈಸುವ ಭಾಗ. ಉಪಕರಣ ಕೆಟ್ಟರೆ ಇಡೀ ಪೆಟ್ಟಿಗೆಯನ್ನೇ ಎಳೆದು ಬೇರೆಯದನ್ನು ಕೂರಿಸುವುದು ಹಬಲ್‌ನ ವಾಡಿಕೆ. ಒಳಗಿನ ಸರ್ಕ್ಯೂಟ್ ಬೋರ್ಡನ್ನು ಯಾರೋ ಅಂತರಿಕ್ಷದಲ್ಲಿ ಕೀಳಬೇಕಾದೀತು ಎಂದು ಅದನ್ನು ಕಟ್ಟಿದವರು ಎಣಿಸಿರಲೇ ಇಲ್ಲ. ಹಾಗಾಗಿ ಮುಚ್ಚಳಕ್ಕೆ 111 ಸಣ್ಣ ಸ್ಕ್ರೂ, ಸಾಲದ್ದಕ್ಕೆ ಅಂಟು ಬೇರೆ.

ನಿಮ್ಮ ವರ್ಕ್‌ಶಾಪಿನಲ್ಲಿ ಸ್ಕ್ರೂ ಕೈಜಾರಿದರೆ ನೆಲದ ಮೇಲೆ ಹುಡುಕಬಹುದು. ಅಲ್ಲಿ ಅದು ತೇಲಿಕೊಂಡು ದೂರದರ್ಶಕದ ಒಳಗೇ ಸೇರಬಹುದು. ಅದಕ್ಕೆಂದೇ ಒಂದು ಪಾರದರ್ಶಕ ತಟ್ಟೆ ತಯಾರಾಯಿತು. ಪ್ರತಿ ಸ್ಕ್ರೂವಿನ ನೆತ್ತಿಗೆ ಸರಿಯಾಗಿ ಒಂದೊಂದು ತೂತು: ಸ್ಕ್ರೂ ಬಿಚ್ಚುವ ಉಪಕರಣದ ಮೂತಿ ತೂರುವಷ್ಟು ದೊಡ್ಡದು, ಸ್ಕ್ರೂವಿನ ತಲೆ ಹೊರಬಾರದಷ್ಟು ಚಿಕ್ಕದು. ಬಿಚ್ಚಿದ ಸ್ಕ್ರೂ, ವಾಷರ್ ಎಲ್ಲ ತಟ್ಟೆಯಡಿ ಸೆರೆಯಾಗಿ ಮುಚ್ಚಳದ ಜೊತೆಗೇ ಎದ್ದು ಬರುತ್ತವೆ. ಹಳೆಯ ಪವರ್ ಟೂಲು ದೊಡ್ಡ ಬೋಲ್ಟುಗಳಿಗೆ ಮಾಡಿದ್ದು, ನಿಧಾನ. ಆದ್ದರಿಂದ ತಿರುಚುಬಲ ಕಡಿಮೆ, ವೇಗ ಹೆಚ್ಚು ಇರುವ ಪುಟ್ಟ ಉಪಕರಣವೊಂದನ್ನು ಬೇರೆ ಮಾಡಿದರು. ಹೊಸ ಮುಚ್ಚಳಕ್ಕೆ ಸ್ಕ್ರೂವೇ ಬೇಡ, ಎರಡು ಸನ್ನೆಕೋಲು ಒತ್ತಿದರೆ ಕೂತುಕೊಳ್ಳುತ್ತದೆ. ನನ್ನ ಮಟ್ಟಿಗೆ ಈ ದುರಸ್ತಿಯ ನಿಜವಾದ ಜಾಣತನ ಇರುವುದು ಆ ತಟ್ಟೆಯಲ್ಲೇ.

2009ರ ಮೇ 17ರಂದು ಮ್ಯಾಸಿಮಿನೊ, ಜೊತೆಗಾರ ಮೈಕ್ ಗುಡ್ ಇಬ್ಬರೂ ನೌಕೆಯಿಂದ ಹೊರಬಿದ್ದರು. ಕೈಕೊಟ್ಟದ್ದು ಆ 111ರಲ್ಲಿ ಒಂದೂ ಅಲ್ಲ! ತಟ್ಟೆಗೆ ಅಡ್ಡವಾಗಿದ್ದ ಹಿಡಿಕಂಬಿಯ ನಾಲ್ಕು ಬೋಲ್ಟುಗಳಲ್ಲಿ ಒಂದರ ತಲೆ ಸವೆದು, ಉಪಕರಣ ಅದರಲ್ಲಿ ಬರೀ ಗಿರಕಿ ಹೊಡೆಯತೊಡಗಿತು. ಎಲ್ಲರಿಗೂ ಸಲೀಸೆನಿಸಿದ್ದ ಹಂತವದು. ಹಿಡಿ ಕಳಚದೆ ತಟ್ಟೆ ಕೂರುವುದಿಲ್ಲ, ತಟ್ಟೆ ಕೂರದೆ ಮುಚ್ಚಳ ತೆಗೆಯುವ ಹಾಗಿಲ್ಲ. ಭೂಮಿಯಲ್ಲಿ, ನಾಸಾದ ಗಾಡರ್ಡ್ ಕೇಂದ್ರದ ಎಂಜಿನಿಯರುಗಳು ಅಂಥದೇ ಹಿಡಿಯೊಂದನ್ನು ಎಳೆದು ಅಳೆದರು: ಮೇಲ್ತುದಿಯಲ್ಲಿ ಸುಮಾರು 27 ಕಿಲೋ ತೂಕದಷ್ಟು ಬಲ ಬಿದ್ದರೆ ಬೋಲ್ಟು ಮುರಿಯುತ್ತದೆ. ಚೂರು ಹಾರದಂತೆ ಟೇಪು ಸುತ್ತಿ, ಮ್ಯಾಸಿಮಿನೊ ಹಿಡಿಯನ್ನು ಕಿತ್ತೇಬಿಟ್ಟರು. ಆಮೇಲೆ ಪುಟ್ಟ ಉಪಕರಣದ ಬ್ಯಾಟರಿ ಸತ್ತಿತು. ಬದಲಿ ತರಲು ನೌಕೆಯ ಬಾಗಿಲಕೋಣೆಗೆ (ಏರ್‌ಲಾಕ್) ಹಿಂತಿರುಗಬೇಕಾಯಿತು. ಆರೂವರೆ ಗಂಟೆಯ ಕೆಲಸ 8 ಗಂಟೆ 2 ನಿಮಿಷ ಹಿಡಿಯಿತು. ಎಸ್‌ಟಿಐಎಸ್ ಮತ್ತೆ ಜೀವ ಪಡೆಯಿತು.

ಈಗ ಡಾಕ್ಟರೇಟ್. ಗಗನಯಾತ್ರಿಯ ಉಡುಪಿನೊಳಗೆ ಶುದ್ಧ ಆಮ್ಲಜನಕ, ಒತ್ತಡ ನಮ್ಮ ವಾತಾವರಣದ ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಆದರೂ ಹೊರಗೆ ನಿರ್ವಾತವಾದ್ದರಿಂದ ಕೈಗವಸು ಗಾಳಿ ತುಂಬಿದ ಬಲೂನಿನಂತೆ ಬಿಗಿದಿರುತ್ತದೆ. ಪ್ರತಿ ಸಲ ಬೆರಳು ಮಡಿಸಿದಾಗಲೂ ಬಲೂನು ಹಿಸುಕಿದ ಹಾಗೆ, ಅರ್ಧ ದಿನದಲ್ಲಿ ಮುಂಗೈ ಸೋಲುತ್ತದೆ. ಸ್ಪರ್ಶಜ್ಞಾನವೂ ಮಂಕು. ಕಾಲು ಕಚ್ಚಿಸದೆ ಬೋಲ್ಟು ತಿರುಗಿಸ ಹೋದರೆ ಬೋಲ್ಟಿನ ಬದಲು ನೀವೇ ತಿರುಗುತ್ತೀರಿ. ಎಂಐಟಿಯಲ್ಲಿ ಮ್ಯಾಸಿಮಿನೊ ಓದಿದ್ದು ಇದಕ್ಕೆ ಹತ್ತಿರದ್ದೇ: ದೂರದಿಂದ ಯಂತ್ರದ ಕೈ ಆಡಿಸುವವನಿಗೆ, ತಾಗಿದ ಬಲವನ್ನು ಬೇರೆ ಇಂದ್ರಿಯದ ಮೂಲಕ ತಿಳಿಸುವುದು ಹೇಗೆ? ಮುಂದೆ ಹ್ಯೂಸ್ಟನ್ನಿನಲ್ಲಿ ಮೆಕ್‌ಡೊನೆಲ್ ಡಗ್ಲಸ್ ಕಂಪನಿಗೆ ಸೇರಿ, ಸ್ಪೇಸ್ ಷಟಲ್ ನೌಕೆಯ ಯಂತ್ರತೋಳು ನಡೆಸುವವರಿಗೆ ಲ್ಯಾಪ್‌ಟಾಪ್ ಪರದೆಗಳನ್ನು ರೂಪಿಸಿದರು. ಅಂದರೆ ಗಗನಯಾತ್ರಿಯಾಗುವ ಮುಂಚೆಯೇ ಗಗನಯಾತ್ರಿಯ ಕೈ ಎಲ್ಲಿ ಎಡವುತ್ತದೆ ಎಂಬುದು ಅವರ ಕಸುಬಾಗಿತ್ತು. ಹಾಗಿದ್ದೂ ನಾಸಾ ಮೂರು ಸಲ ತಿರಸ್ಕರಿಸಿತು. ಮೂರನೆಯ ಸಲ ಅಡ್ಡಬಂದದ್ದು ದೃಷ್ಟಿ. ಕಣ್ಣಿಗೆ ತರಬೇತಿ ಕೊಟ್ಟುಕೊಂಡು 1996ರಲ್ಲಿ ಆಯ್ಕೆಯಾದರು. 2002 ಮತ್ತು 2009ರ ಎರಡು ಯಾನಗಳಲ್ಲಿ ನಾಲ್ಕು ಬಾಹ್ಯಾಕಾಶ ನಡಿಗೆ, ಒಟ್ಟು 30 ಗಂಟೆ 4 ನಿಮಿಷ.

ಮೆಕ್ಯಾನಿಕ್ ಸಾಲದೆ ಎಂದಿರಿ. ಕೈ ಮೆಕ್ಯಾನಿಕ್‌ನದೇ ಇರಬೇಕು, ಒಪ್ಪಿದೆ.

ದಾರಿಯ ಬಗ್ಗೆ ಸಿಹಿಮಾತು ಹೇಳಲಾರೆ. ನಾಸಾಕ್ಕೆ ಅಮೆರಿಕದ ಪೌರತ್ವವೇ ಬೇಕು. ನಮ್ಮ ಗಗನಯಾನಕ್ಕೆ 2024ರಲ್ಲಿ ಹೆಸರಿಸಿದ ನಾಲ್ವರೂ ವಾಯುಪಡೆಯ ಟೆಸ್ಟ್ ಪೈಲಟ್‌ಗಳು. ಅವರಲ್ಲಿ ಶುಭಾಂಶು ಶುಕ್ಲಾ ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಂ.ಟೆಕ್ ಮಾಡಿದವರು, ಎಂಜಿನಿಯರಿಂಗ್ ಓದು ಅಲ್ಲಿಯೂ ತೂಗಿದೆ ಎನ್ನುವುದಷ್ಟೇ ಸಮಾಧಾನ. ಉಡುಪು, ಉಪಕರಣ, ತಟ್ಟೆಗಳನ್ನು ರೂಪಿಸುವ ಬದಿಯ ಬಾಗಿಲು ಮಾತ್ರ ನಿಮಗೆ ಇವತ್ತೇ ತೆರೆದಿದೆ; ಮ್ಯಾಸಿಮಿನೊ ಒಳಬಂದದ್ದೂ ಆ ಕಡೆಯಿಂದಲೇ.

ಅಷ್ಟರಲ್ಲಿ ಕಾಲೇಜಿನ ವರ್ಕ್‌ಶಾಪಿನಲ್ಲಿ ಒಂದು ಪ್ರಯೋಗ ಮಾಡಿ. ವೆಲ್ಡಿಂಗ್ ಕೈಗವಸು ಹಾಕಿಕೊಂಡು ಎಂ3 (3 ಮಿ.ಮೀ. ದಪ್ಪದ) ಸ್ಕ್ರೂಗಳು ಹತ್ತನ್ನು ಬಿಚ್ಚಿ, ಒಂದನ್ನೂ ಬೀಳಿಸದೆ ಡಬ್ಬಿಗೆ ಹಾಕಿ. ಎಷ್ಟು ಬಿದ್ದವು ಎಂದು ಬರೆದು ತಿಳಿಸಿ.