ಯೂರೋಪಾ ಮಾದರಿಯಲ್ಲಿ ಕಂದು ಬಣ್ಣ ಯಾವ ಬದಿಗೆ?
ಗುರುಗ್ರಹದ ಚಂದ್ರ ಯೂರೋಪಾದ ನಿಮ್ಮ ಮಾದರಿಯಲ್ಲಿ ಬಣ್ಣ ಎಲ್ಲಿ ತಪ್ಪಿತು ಎಂದು ಕೇಳಿದ್ದೀರಿ. ನೀವು ಕಂದು ಬಣ್ಣವನ್ನು ಚಂದ್ರ ಸಾಗುವ ಮುಂಬದಿಗೆ ಬಳಿದಿದ್ದೀರಿ. ದಾವಣಗೆರೆ ವಿಜ್ಞಾನ ಪ್ರದರ್ಶನದಲ್ಲಿ ತೀರ್ಪುಗಾರರು ತಪ್ಪೆಂದದ್ದು ಬಹುಶಃ ಅದಕ್ಕೇ. ಗುರುಗ್ರಹದ ಕಾಂತಕ್ಷೇತ್ರ ಸುಮಾರು 10 ಗಂಟೆಗೊಂದು ಸುತ್ತು ತಿರುಗುತ್ತದೆ; ಯೂರೋಪಾ ಗುರುವನ್ನು ಸುತ್ತಲು 85 ಗಂಟೆ ಬೇಕು. ಹಾಗಾಗಿ ಕ್ಷೇತ್ರದ ಜೊತೆ ತಿರುಗುವ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಹಿಂದಿನಿಂದ ಬಂದು ಯೂರೋಪಾದ ಬೆನ್ನಿಗೇ ಬಡಿಯುತ್ತವೆ; ಕಂದು ಬಣ್ಣ ಇರಬೇಕಾದದ್ದು ಅಲ್ಲೇ.

ಮೊದಲು ಸದಾ ಗುರುವಿನತ್ತ ಇರುವ ಮುಖ ಗುರುತಿಸಿ. ಆಮೇಲೆ ಕಕ್ಷೆಯ ದಿಕ್ಕಿಗೆ ಬಾಣ ಹಾಕಿ (ಉತ್ತರದಿಂದ ನೋಡಿದರೆ ಅಪ್ರದಕ್ಷಿಣ). ಬಾಣಕ್ಕೆ ವಿರುದ್ಧವಾದ ಬದಿಯ ನಡುವೆ, ಸಮಭಾಜಕದ ಸುತ್ತ ಕೆಂಗಂದು ಗಾಢವಾಗಿರಲಿ, ಧ್ರುವಗಳತ್ತ ತೆಳುವಾಗಲಿ. ಈ ಬಣ್ಣಕ್ಕೆ ಗುರುವಿನ ಇನ್ನೊಂದು ಚಂದ್ರ ಅಯೋದಿಂದ ಬಂದ ಗಂಧಕ ಒಂದು ಕಾರಣ. ಯೂರೋಪಾದ ಮಂಜುಗಡ್ಡೆಯಡಿಯ ಸಾಗರದ ಲವಣಗಳ ಪಾಲೆಷ್ಟು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ, ಹಾಗಾಗಿ ಫಲಕದಲ್ಲಿ ‘ಬಹುಶಃ’ ಎಂದೇ ಬರೆಯಿರಿ.

ವಿಕಿರಣ ಮಂಜುಗಡ್ಡೆಯ ನೀರನ್ನು ಒಡೆದಾಗ ಹೈಡ್ರೋಜನ್ ಹಾರಿಹೋಗಿ ಆಮ್ಲಜನಕದ ತೀರಾ ತೆಳು ಪದರ ಉಳಿಯುತ್ತದೆ. ಅಷ್ಟು ತೆಳು ಪದರದಲ್ಲಿ ಮೋಡಗಳಿರುವುದಿಲ್ಲ, ಹಾಗಾಗಿ ಮಾದರಿಗೆ ಹತ್ತಿಯ ಮೋಡ ಅಂಟಿಸಿದ್ದರೆ ಕಿತ್ತುಬಿಡಿ.