ಸ್ಕ್ರಿಪ್ಟ್ ಹುಡುಕಬೇಡಿ, ತಾಳಮದ್ದಳೆ ನೆನಪಿಸಿಕೊಳ್ಳಿ

ಮಿಡ್‌ವೈಫರಿ ಕಲಿಯುವ ಮಕ್ಕಳಿಗೆ ಹೆಂಗಸರ ಕ್ಯಾನ್ಸರ್‌ಗಳ ಪಾಠವನ್ನು ನಾಟಕದ ಮೂಲಕ ಕಲಿಸಬಹುದಾ, ಸ್ಕ್ರಿಪ್ಟ್ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಕಲಿಸಬಹುದು. ಸ್ಕ್ರಿಪ್ಟ್ ಮಾತ್ರ ಬೇಡ.

ನಾನು ಕಾಸರಗೋಡಿನ ಕಡೆಯವಳು, ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಮೊದಲ ಸಲ ನಾನೇ ಕೂತು ಹತ್ತು ಪುಟ ಬರೆದಿದ್ದೆ. ಎದೆಯಲ್ಲಿ ಗಂಟು, ಅದನ್ನು ಮುಚ್ಚಿಟ್ಟ ಸೊಸೆ, ಬಾಯಿಬಡುಕಿ ಅತ್ತೆ, ಕೊನೆಗೆ ಸಾವು. ಎಲ್ಲರೂ ಅತ್ತರು, ಚಪ್ಪಾಳೆ ಬಿತ್ತು, ಫೋಟೋನೂ ಆಯಿತು. ಮರುವಾರ ನೋಡಿದರೆ ಅದೇ ಹುಡುಗಿಯರು ಎದುರು ಕೂತ ಹೆಂಗಸಿನ ಮುಖವನ್ನೂ ನೋಡದೆ ಫಾರ್ಮ್ ತುಂಬಿಸುತ್ತಿದ್ದರು! ಬಾಯಿಪಾಠ ಮಾಡಿದ್ದು ಬಾಯಲ್ಲೇ ಉಳಿದಿತ್ತು.

ನಮ್ಮದು ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಸೀಮೆ, ಅವನ ಊರು ಕುಂಬಳೆ ಇಲ್ಲೇ ಹತ್ತಿರ. ತಾಳಮದ್ದಳೆ ಅಂದರೆ ಕೂತು ಮಾತಾಡುವ ಯಕ್ಷಗಾನ, ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರ ಪದ್ಯ ಮುಗಿದ ಮೇಲೆ ಅರ್ಥಧಾರಿ ಪಾತ್ರವಾಗಿ ಮಾತಾಡಬೇಕು, ಎದುರಿನವರು ಏನು ಎಸೆಯುತ್ತಾರೋ ಅದಕ್ಕೆ ಅಲ್ಲೇ ಉತ್ತರ ಕೊಡಬೇಕು. ಕ್ರಿಯೇಟಿವ್ ಡ್ರಾಮಾ ಅಂದರೆ ಹೆಚ್ಚುಕಮ್ಮಿ ಅದೇ, ನೋಡುವ ಸಭೆ ಬೇಡ ಅಷ್ಟೆ. ಮೊದಲು ಸ್ವಲ್ಪ ಆಟ ಆಡಿಸಿ ಮೈಚಳಿ ಬಿಡಿಸುವುದು, ಆಮೇಲೆ ಅಭಿನಯ, ಕೊನೆಗೆ ಅದರ ಬಗ್ಗೆ ಮಾತು.

ನಾನು ರೋಗಿಯ ಪಾತ್ರ ಮಾಡುವ ಒಬ್ಬಳಿಗೆ ಚೀಟಿ ಕೊಡುತ್ತೇನೆ: "45 ವರ್ಷ, ಬೀಡಿ ಕಟ್ಟುವ ಕೆಲಸ, ಗಂಡನ ಜೊತೆ ಮಲಗಿದ ಮೇಲೆ ರಕ್ತ ಕಾಣುತ್ತದೆ, ಹೇಳಲು ನಾಚಿಕೆ." ನರ್ಸ್ ಆದವಳಿಗೆ ಚೀಟಿಯಲ್ಲಿ ಏನುಂಟು ಅಂತ ಗೊತ್ತಿಲ್ಲ, ಅವಳೇ ಹೊರಡಿಸಬೇಕು. ಒಬ್ಬಳು "ಸಂಭೋಗದ ನಂತರ ರಕ್ತಸ್ರಾವ ಇದೆಯೇ?" ಅಂದಳು. ಚೀಟಿಯವಳು ಸುಮ್ನೆ ಕೂತಳು. ಆರೇಳು ಸಲ ಮಾತು ಬದಲಿಸಿದ ಮೇಲೆ ಪ್ರಶ್ನೆ ಮನುಷ್ಯರ ಭಾಷೆಗೆ ಬಂತು. ಆಮೇಲೆ ಇಂಥ ತೊಂದರೆಗಳಿಗೆ ಮನೆಮನೆಯಲ್ಲಿ ಆಡುವ ಮಾತನ್ನು ಬೋರ್ಡಿನ ಮೇಲೆ ಬರೆಸಿದೆ. ಕನ್ನಡದ ಬಿಳಿ ಸೆರಗು, ಅದಕ್ಕೇ ಮಲಯಾಳದ ವೆಳ್ಳಪೋಕ್ಕ್, ಇನ್ನು ಕೆಲವರ ಮನೆಯಲ್ಲಿ ಹೆಸರೇ ಇಲ್ಲ, ಬರೀ "ಅದು". ನಾಲ್ಕೈದು ಭಾಷೆ ಆಡುವ ಊರಿನಲ್ಲಿ ಈ ಒಂದು ವಿಷಯಕ್ಕೆ ಬಾಯಿಬಿಟ್ಟು ಆಡುವ ಮಾತೇ ಕಮ್ಮಿ ಮಾರಾಯ್ರೇ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ವಿಐಎ ಪರೀಕ್ಷೆಯ ಅಭಿನಯ, ಅಂದರೆ ಗರ್ಭಕೊರಳಿನ ಕ್ಯಾನ್ಸರ್‌ನ ಸುಳಿವು ಕಣ್ಣಲ್ಲೇ ಹುಡುಕುವ ಪರೀಕ್ಷೆ. ಗರ್ಭಕೊರಳಿಗೆ, ಅಂದರೆ ಗರ್ಭಕೋಶದ ಬಾಯಿಗೆ, 3ರಿಂದ 5 ಶೇಕಡಾದ ಅಸಿಟಿಕ್ ಆಸಿಡ್ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಕಲೆ ಏಳುತ್ತದಾ ನೋಡುವುದು. ಹುಡುಗಿ ಬಟ್ಟೆಯಲ್ಲೇ ಬೆಂಚಿನ ಮೇಲೆ ಮಲಗಿದಳು, ಮೇಲೆ ಬೆಡ್‌ಶೀಟ್. ನಾನು ಗಡಿಯಾರ ಹಿಡಿದೆ. ನರ್ಸ್ ಆದವಳು ನಿಜವಾಗಿಯೂ ಒಂದು ನಿಮಿಷ ಮಾತಾಡದೆ ನಿಂತಳು. ಎದ್ದು ಬಂದ ಹುಡುಗಿ ಹೇಳಿದ್ದು, "ಟೀಚರ್, ಆ ಒಂದು ನಿಮಿಷದಲ್ಲಿ ನನಗೆ ಏನೋ ಆಗಿದೆ ಅಂತಲೇ ಅನ್ನಿಸಿತು." ಆವತ್ತಿಂದ ಆ ನಿಮಿಷದಲ್ಲಿ ಏನು ಹೇಳಬೇಕು ಅನ್ನುವುದೇ ನಮ್ಮ ಪಾಠ. ಬಿಳಿ ಕಂಡರೆ ಕ್ಯಾನ್ಸರ್ ಅಂತಲ್ಲ, ಇನ್ನೊಂದು ಪರೀಕ್ಷೆ ಬೇಕು ಅಂತ ಮಾತ್ರ, ಇದನ್ನು ಹಚ್ಚುವ ಮೊದಲೇ ಹೇಳಿಬಿಡಬೇಕು ಅಂತ ಮಕ್ಕಳೇ ತೀರ್ಮಾನ ಮಾಡಿದರು.

ನಾಟಕದಿಂದ ಎಲ್ಲವೂ ಬರುವುದಿಲ್ಲ. ಎಚ್‌ಪಿವಿ ಅನ್ನುವ ವೈರಸ್‌ನ 16 ಮತ್ತು 18ನೇ ಬಗೆಗಳು ಸೇರಿ ಗರ್ಭಕೊರಳಿನ ಕ್ಯಾನ್ಸರ್‌ನ ಸುಮಾರು 70 ಶೇಕಡಾಕ್ಕೆ ಕಾರಣ ಅನ್ನುವುದನ್ನು ಬೋರ್ಡಿನಲ್ಲೇ ಹೇಳಿ. ಎದೆ ಪರೀಕ್ಷೆಯ ಬೆರಳಿನ ಅಭ್ಯಾಸಕ್ಕೆ ಮಾಡೆಲ್ ಬೇಕು, ಕಂಕುಳಿನವರೆಗೆ ಮುಟ್ಟಿ ನೋಡಿಸಿ. ಆದರೆ ತಪ್ಪು ತಿಳಿವಳಿಕೆ ಹೊರಗೆ ಬೀಳುವುದು ಅಭಿನಯದಲ್ಲೇ. ಒಬ್ಬಳು ಧೈರ್ಯವಾಗಿ "ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ, ಅಂಡಾಶಯದ ಕ್ಯಾನ್ಸರ್ ಬೇಗ ಗೊತ್ತಾಗುತ್ತದೆ" ಅಂದಳು. ತೊಂದರೆ ಇಲ್ಲದ ಎಲ್ಲ ಹೆಂಗಸರಿಗೂ ಮಾಡುವಂಥ ಸ್ಕ್ರೀನಿಂಗ್ ಅದಕ್ಕಿಲ್ಲ. ಇನ್ನೊಬ್ಬಳು ಮುಟ್ಟು ನಿಂತು ಆರು ವರ್ಷದ ಮೇಲೆ ರಕ್ತ ಕಂಡವಳಿಗೆ ಮುಂದಿನ ತಪಾಸಣೆ ಕ್ಯಾಂಪಿನ ತಾರೀಕು ಕೊಟ್ಟಳು. ಅವಳನ್ನು ಕ್ಯಾಂಪಿಗೆ ಕಾಯಿಸುವುದಲ್ಲ, ನೇರ ಡಾಕ್ಟರ ಹತ್ತಿರ ಕಳಿಸಬೇಕು, ಒಂದೇ ಸಲ ಕಂಡಿದ್ದರೂ.

ನನ್ನ ಕಡೆಯಿಂದ ಆದ ಒಂದು ತಪ್ಪು ಹೇಳುತ್ತೇನೆ. ಒಬ್ಬ ಹುಡುಗಿ ನಡುವೆ ಎದ್ದು ಹೊರಗೆ ಹೋದಳು. ಅವಳ ಅಮ್ಮ ಎದೆಯ ಕ್ಯಾನ್ಸರ್‌ನಿಂದ ಹೋಗಿದ್ದರು, ನಾನು ಮೊದಲೇ ವಿಚಾರಿಸಿರಲಿಲ್ಲ. ಈಗ ಹಿಂದಿನ ದಿನವೇ ವಿಷಯ ಹೇಳುತ್ತೇನೆ. ಪಾತ್ರ ಬೇಡ ಅಂದವರು ಗಡಿಯಾರ ನೋಡಲಿ, ಕಾರಣ ಕೇಳುವುದಿಲ್ಲ.

ಇಪ್ಪತ್ತಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಎರಡು ತಂಡ ಮಾಡಿ. ಚೀಟಿಗಳನ್ನು ನಿಮ್ಮ ಊರಿನ ಹೆಂಗಸರನ್ನು ನೋಡಿ ನೀವೇ ಬರೆಯಿರಿ. ನನ್ನ ಹತ್ತಿರ ಒಂದು ಚೀಟಿ ಉಂಟು: "ಪರೀಕ್ಷೆಗೆ ಬರುತ್ತೇನೆ ಅಕ್ಕಾ, ಅಡಿಕೆ ಸುಲಿದು ಆಗಲಿ." ಮೂರು ಬ್ಯಾಚ್ ಆಯಿತು, ಅದಕ್ಕೆ ಇನ್ನೂ ಯಾರಿಂದಲೂ ಸರಿಯಾದ ಉತ್ತರ ಬಂದಿಲ್ಲ.